ಝಳಕಿಗೆ ಬಂದ ಬೀಗರ ಸೀಸೆ

ವಿಜಾಪುರದಿಂದ ಸೊಲ್ಲಾಪುರದ ಹಾದಿ ಹಿಡಿದವರಲ್ಲಿ ಝಳಕಿಯನ್ನು ಕಾಣದವರಿಲ್ಲ; ಝಳಕಿಯಲ್ಲಿ ಇಳಿದವರು ಮಾತ್ರ ವಿರಳ. ಹೊರ್ತಿಯ ರೇವಣಸಿದ್ಧೇಶ್ವರನಿಗೆ ಬಸ್ಸಿನೊಳಗಿಂದಲೇ ಕೈಮುಗಿದು, ಮುಂದೆ ಇನ್ನಷ್ಟು ಬಯಲನ್ನು ಕ್ರಮಿಸಿದ ಬಳಿಕ ರಸ್ತೆಯು ಕವಲೊಡೆಯುತ್ತದೆ. ಎಡಕ್ಕೆ ಹೊರಳಿದರೆ ಚಡಚಣ, ಬಲಕ್ಕೆ ಹೊರಳಿದರೆ ಇಂಡಿ, ನೆಟ್ಟಗೆ ಸಾಗಿದರೆ ಧೂಳಖೇಡ. ಅದರಾಚೆ ಭೀಮಾನದಿ, ನದಿಯಾಚೆ ಮಹಾರಾಷ್ಟ್ರ. ಬಸ್ಸು ಇಲ್ಲಿ ಕೆಲವು ನಿಮಿಷ ನಿಲ್ಲುತ್ತದೆ. ಪ್ರಯಾಣಿಕರು ಚಹ ಕುಡಿಯುತ್ತಾರೆ, ಮಿರ್ಚಿಭಜಿ ತಿನ್ನುತ್ತಾರೆ, ಮರಳಿ ಬಸ್ಸು ಹತ್ತುತ್ತಾರೆ. ಪ್ರವಾಸಿಗರನ್ನು ತಡೆದು ನಿಲ್ಲಿಸುವ ಗೋಳಗುಮ್ಮಟದಂಥ ಕಟ್ಟಡ ಈ ಊರಿಗಿಲ್ಲ.

ನಾನಾದರೋ ಐವತ್ತು ವರ್ಷಗಳಿಂದ ಇಲ್ಲಿ ಇಳಿಯುತ್ತ ಬಂದಿದ್ದೇನೆ. ನನ್ನ ಅಕ್ಕನನ್ನು ೧೯೭೪ರಲ್ಲಿ ಈ ಊರಿಗೆ ಕೊಟ್ಟೆವು. ಆಗ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ವರ್ಷ ತುಂಬಿರಲಿಲ್ಲ. ವಿಜಾಪುರವು ಸರಕಾರದ ಕಾಗದಪತ್ರಗಳಲ್ಲಿ ವಿಜಯಪುರವಾದದ್ದು ೨೦೧೪ರಲ್ಲಿ. ಅಕ್ಕನ ಬಾಯಲ್ಲಿ ಅದು ಇಂದಿಗೂ ವಿಜಾಪುರವೇ. ಅವಳ ಮದುವೆಗೆ ಐವತ್ತು ತುಂಬಿದ ಸಮಾರಂಭಕ್ಕೆಂದು ನಾನು ೨೦೨೪ರ ಫೆಬ್ರುವರಿಯಲ್ಲಿ ಝಳಕಿಗೆ ಹೋದೆ. ಅಲ್ಲಿ ಮೂರು ದಿನಗಳಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ವಾಚಕರ ಮುಂದಿಡುವುದು ಈ ಬರಹದ ಉದ್ದೇಶ.

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಇದು ಮೊದಲೇ ಮಳೆಗೆ ಎರವಾದ ನಾಡು. ಒಳ್ಳೆಯ ವರ್ಷದಲ್ಲಿಯೂ ಬೀಳುವುದು ಸುಮಾರು ೬೦೦ ಮಿಲಿಮೀಟರು. ಎರೆಯ ಹೊಲದಲ್ಲಿ ಆಳೆತ್ತರ ನಿಲ್ಲಬೇಕಾದ ಬಿಳಿಜೋಳ ಸೊಂಟದೆತ್ತರಕ್ಕೆ ನಿಂತು ತೆನೆ ಬಿಚ್ಚಿತ್ತು. ಆದರೆ ಬಯಲಿನ ನಡುನಡುವೆ ಹಸಿರು ಬಲೆ ಹೊದ್ದ ಉದ್ದುದ್ದನೆಯ ಚಪ್ಪರಗಳು ಕಂಡವು. ಅವು ಮಣೂಕದ ಶೆಡ್ಡುಗಳು. ಒಳಗೆ ಅಂತಸ್ತು ಅಂತಸ್ತಾಗಿ ಬಿಗಿದ ಜಾಲರಿಗಳ ಮೇಲೆ ದ್ರಾಕ್ಷಿಯನ್ನು ಹರಡಿ, ನೆರಳಲ್ಲಿ, ಗಾಳಿಗೆ, ಹದಿನೈದು ದಿನ ಒಣಗಿಸುತ್ತಾರೆ. ನಾಲ್ಕು ಕಿಲೋ ದ್ರಾಕ್ಷಿ ಬಾಡಿ ಬತ್ತಿ ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ನೀರಿಲ್ಲದ ನೆಲದಲ್ಲಿ ಕೊಳವೆಬಾವಿಯ ಹನಿಹನಿ ನೀರನ್ನು ದ್ರಾಕ್ಷಿಗೆ ಕುಡಿಸಿ, ಆ ನೀರನ್ನೇ ಮತ್ತೆ ಗಾಳಿಗೆ ಬಿಟ್ಟು, ಸಿಹಿಯನ್ನಷ್ಟೇ ಉಳಿಸಿಕೊಳ್ಳುವ ಕಸಬು ಇದು. ದ್ರಾಕ್ಷಾರಸದ ಉದ್ಯಮಕ್ಕೆಂದು ರಾಜ್ಯ ಸರಕಾರವು ೨೦೦೭ರಲ್ಲಿ ಒಂದು ನೀತಿಯನ್ನೇ ಹೊರಡಿಸಿತಾದರೂ ಈ ಭಾಗದ ರೈತನ ಒಲವು ಇನ್ನೂ ಮಣೂಕದ ಕಡೆಗೇ.

ಈ ಸೀಮೆಯ ಇನ್ನೊಂದು ಹೆಮ್ಮೆ ಲಿಂಬೆ. ತೆಳು ಸಿಪ್ಪೆಯ, ರಸ ತುಂಬಿದ ಕಾಗಜಿ ಲಿಂಬೆ. ಇಂಡಿಯ ಲಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ನಮ್ಮ ಭಾವನವರದೂ ಒಂದು ಲಿಂಬೆಯ ತೋಟವಿತ್ತು. ೨೦೦೧ರಿಂದ ಸಾಲಾಗಿ ಬಂದ ಬರಗಾಲದಲ್ಲಿ ಬಾವಿ ಬತ್ತಿತು. ಟ್ಯಾಂಕರಿನಲ್ಲಿ ನೀರು ತಂದು ಹಾಕಿದರು. ಕೊನೆಗೆ ಟ್ಯಾಂಕರಿಗೂ ನೀರು ಸಿಗದಾಯಿತು. ಮೂವತ್ತು ವರ್ಷ ಕಾಯಿ ಕೊಟ್ಟ ಗಿಡಗಳು ನಿಂತಲ್ಲೇ ಒಣಗಿ ಉರುವಲಾದವು. ಈ ಮಾತನ್ನು ಈಗಲೇ ಹೇಳಲು ಕಾರಣವಿದೆ. ಅದು ಮುಂದೆ ಬರುತ್ತದೆ.

*

ನನ್ನ ಭಾವನವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ದಿನವೂ ಲಿಂಗಪೂಜೆ ಮುಗಿಯದೆ ಚಹವನ್ನೂ ಮುಟ್ಟದವರು. ಅವರ ಏಕಮಾತ್ರ ಮಗ, ೧೯೭೭ರಲ್ಲಿ ಹುಟ್ಟಿದವನು, ಎಂಜಿನಿಯರನಾಗಿ ಲಂಡನ್ನಿಗೆ ಹೋದ. ಅಲ್ಲಿಯೇ ೨೦೧೦ರಲ್ಲಿ ಪೋರ್ಚುಗಲ್ ದೇಶದ ಒಬ್ಬ ಹೆಣ್ಣುಮಗಳನ್ನು ಮದುವೆಯಾದ. ಕಚೇರಿಯಲ್ಲಿ ರುಜು ಹಾಕಿ, ಆಮೇಲೆ ಊರಿಗೆ ಫೋನು ಮಾಡಿದ.

ಇದರಿಂದ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಜಗಳವಾಗಿದ್ದರೆ ಬೇಗ ಮುಗಿಯುತ್ತಿತ್ತೇನೋ. "ನೀ ಸುಖವಾಗಿರಪ್ಪಾ" ಎಂದಷ್ಟೇ ಭಾವನವರು ಹೇಳಿದರು. ಅಕ್ಕ ಮಾತ್ರ ನನ್ನೆದುರು ಒಮ್ಮೆ, "ಅರಿಷಿಣ ಹಚ್ಚೂ ಹೊತ್ತಿನ್ಯಾಗ ನಾ ಹೊಲದಾಗ ಸದಿ ತೆಗೀಲಿಕ್ಕತ್ತಿದ್ದೆ, ತಮ್ಮಾ" ಎಂದು ಕಣ್ಣೊರೆಸಿಕೊಂಡಿದ್ದಳು. ಮಗ ಎರಡು ಮೂರು ಸಲ ಒಬ್ಬನೇ ಬಂದು ಹೋದ. ಹೆಂಡತಿಯನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಬಂದದ್ದು ಈ ಐವತ್ತನೆಯ ವರ್ಷದ ನೆಪಕ್ಕೇ ಮೊದಲು.

ಸೊಸೆ ಬಂದವಳೇ ಸೆರಗಿನ ಬದಲು ಶಾಲು ಹೊದ್ದು ಅತ್ತೆಮಾವಂದಿರ ಕಾಲಿಗೆರಗಿದಳು. ಮೊಮ್ಮಗಳು "ಆಯಿ", "ಮುತ್ಯಾ" ಎಂಬ ಎರಡು ಶಬ್ದಗಳನ್ನು ವಿಮಾನದಲ್ಲಿಯೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಮೊದಲ ದಿನ ಹಬ್ಬವೇ ಆಯಿತು. ಆ ರಾತ್ರಿ ಮಗನು ಪೆಟ್ಟಿಗೆಯಿಂದ, ಮೂರು ಅಂಗಿಗಳಲ್ಲಿ ಸುತ್ತಿದ ಒಂದು ಸೀಸೆಯನ್ನು ತೆಗೆದು ತಂದೆಯ ಮುಂದಿಟ್ಟ. ಕಪ್ಪು ಗಾಜು. ಹೆಗಲ ಮೇಲೆ ಯಾವ ಕಾಲದ್ದೋ ಧೂಳು. ಅಂಟಿಸಿದ ಚೀಟಿಯಲ್ಲಿ ೧೯೮೦ ಎಂಬ ಇಸವಿ.

"ಬೀಗರು ಕೊಟ್ಟದ್ದು, ಅಪ್ಪಾ."

ಸೊಸೆಯ ತಂದೆ ಆ ಸೀಸೆಯನ್ನು ಮಗಳು ಹುಟ್ಟಿದ ವರ್ಷದ ಫಸಲೆಂದು ಕೊಂಡು, ಅವಳ ಮದುವೆಗೆಂದು ನೆಲಮನೆಯಲ್ಲಿ ಮಲಗಿಸಿಟ್ಟಿದ್ದರಂತೆ. ಮದುವೆಯ ದಿನ ಅದನ್ನು ತೆರೆಯಲಿಲ್ಲ. ವರನ ತಂದೆ ಎದುರಿಗಿಲ್ಲದೆ ತೆರೆಯುವುದು ತರವಲ್ಲವೆಂದರಂತೆ. ಒಂದಲ್ಲ ಒಂದು ದಿನ ಇಬ್ಬರೂ ಕೂತು ಕುಡಿಯೋಣವೆಂದು ಕಾದರು. ೨೦೧೯ರಲ್ಲಿ ಅವರು ತೀರಿಕೊಂಡರು. ಸೀಸೆ ಹಾಗೆಯೇ ಉಳಿಯಿತು.

ಭಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಬೀಗರು ಕಳಿಸಿದ್ದನ್ನ ಹೊಸ್ತಿಲ ಹೊರಗ ಇಡೂದು ಮರ್ಯಾದಿ ಅಲ್ಲ. ಸೆರಿ ಹೊಸ್ತಿಲ ಒಳಗ ತರೂದು ಈ ಮನಿತನಕ್ಕ ಬಂದದ್ದಲ್ಲ. ಏನ ಮಾಡೋಣ ಹೇಳ ತಮ್ಮಾ?" ಎಂದರು.

ಈ ಹಿಂಜರಿಕೆ ಕೇವಲ ಒಬ್ಬ ಮುದುಕನ ಹಟವೆಂದು ಯಾರೂ ಭಾವಿಸಬಾರದು. ಈ ಜಿಲ್ಲೆಯು ೧೯೫೬ರ ನವೆಂಬರ ಒಂದರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯವು ೧೯೫೦ರಲ್ಲಿ ಸಂಪೂರ್ಣ ಪಾನನಿರೋಧವನ್ನು ಜಾರಿಗೆ ತಂದಿತ್ತು. ಭಾವನವರ ಬಾಲ್ಯ ಕಳೆದದ್ದು ಸೀಸೆಯೆಂದರೆ ಪೋಲೀಸರು ನೆನಪಾಗುವ ಆ ಕಾಲದಲ್ಲಿ. ಮೇಲಾಗಿ ಕುಡಿತದಿಂದ ಹೊಲ ಮನೆ ಮಾರಿಕೊಂಡ ಸಂಸಾರಗಳನ್ನು ಅವರು ಕಣ್ಣಾರೆ ಕಂಡವರು. ಕೊನೆಗೆ ನಾನು ಒಂದು ಹಾದಿ ಸೂಚಿಸಿದೆ. ಸೀಸೆ ಹೊಲದ ಮನೆಯಲ್ಲಿರಲಿ. ಮುಂದಿನದನ್ನು ಮುಂದೆ ನೋಡೋಣ. ಅದೇ ಸರಿಯೂ ಆಯಿತು. ಪ್ರಯಾಣದಲ್ಲಿ ಕಲಕಿದ ಗಸಿ ತಳಕ್ಕೆ ಕೂಡಲು ಸೀಸೆಯನ್ನು ಎರಡು ದಿನವಾದರೂ ನೆಟ್ಟಗೆ ನಿಲ್ಲಿಸಬೇಕೆಂದು ಸೊಸೆ ಹೇಳಿದಳು.

*

ಆ ಎರಡು ದಿನಗಳಲ್ಲಿ ನಾನು ಸೊಸೆಯಿಂದ ತಿಳಿದುಕೊಂಡ ಸಂಗತಿಗಳು ಸ್ವಾರಸ್ಯವಾಗಿವೆ. ಪೋರ್ಚುಗಲ್ಲಿನ ಉತ್ತರದಲ್ಲಿ ಡೋರೂ ಎಂಬ ನದಿ. ಅದರ ಇಕ್ಕೆಲದ ಕಡಿದಾದ ಗುಡ್ಡಗಳಲ್ಲಿ ಮಣ್ಣಿಗಿಂತ ಪದರುಗಲ್ಲೇ ಹೆಚ್ಚು. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಒಡ್ಡು ಕಟ್ಟಿ ದ್ರಾಕ್ಷಿ ಬೆಳೆಯುತ್ತಾರೆ. ಒಂಬತ್ತು ತಿಂಗಳು ಚಳಿ, ಮೂರು ತಿಂಗಳು ನರಕ ಎಂದು ಆ ಸೀಮೆಯ ಜನರೇ ತಮ್ಮ ಹವೆಯನ್ನು ಹಾಸ್ಯ ಮಾಡುತ್ತಾರಂತೆ. "ನಮ್ಮಲ್ಲಿ ಆ ಮೂರು ತಿಂಗಳೇ ಹನ್ನೆರಡೂ ತಿಂಗಳು" ಎಂದು ನಾನು ಹೇಳಿದಾಗ ಅವಳು ನಕ್ಕಳು. ಮಾರ್ಕ್ವಿಸ್ ಪೊಂಬಾಲ್ ಎಂಬ ಮಂತ್ರಿಯು ೧೭೫೬ರಲ್ಲಿಯೇ ಆ ಸೀಮೆಗೆ ಎಲ್ಲೆ ಹಾಕಿಸಿ, ಆ ಎಲ್ಲೆಯೊಳಗೆ ಬೆಳೆದದ್ದಕ್ಕೆ ಮಾತ್ರ ಆ ಹೆಸರು ಸಲ್ಲಬೇಕೆಂದು ಕಟ್ಟುಮಾಡಿದನು. ಇಂಡಿಯ ಲಿಂಬೆಗೆ ೨೦೨೩ರಲ್ಲಿ ಸಂದ ಬಗೆಯ ಮನ್ನಣೆ ಅವರ ದ್ರಾಕ್ಷಿಗೆ ಇನ್ನೂರಅರವತ್ತೇಳು ವರ್ಷ ಮೊದಲೇ ಸಂದಿತ್ತು.

ದ್ರಾಕ್ಷಿಯನ್ನು ಕಲ್ಲಿನ ತೊಟ್ಟಿಗಳಲ್ಲಿ ಕಾಲಿನಿಂದ ತುಳಿದು ರಸ ತೆಗೆಯುವುದು ಅಲ್ಲಿನ ಹಳೆಯ ಪದ್ಧತಿ. ರಸ ಹುಳಿಯುತ್ತ ಹೋದಂತೆ ಅದರ ಸಿಹಿಯೆಲ್ಲ ಮದ್ಯವಾಗಿ ಮಾರ್ಪಡುತ್ತದೆ. ಆ ಕೆಲಸ ಅರ್ಧಕ್ಕೆ ಬರುವಾಗ, ದ್ರಾಕ್ಷಿಯಿಂದಲೇ ಬಟ್ಟಿಯಿಳಿಸಿದ ತೀಕ್ಷ್ಣವಾದ ಸಾರವನ್ನು ಸುಮಾರು ನಾಲ್ಕಕ್ಕೆ ಒಂದರ ಪ್ರಮಾಣದಲ್ಲಿ ಸುರಿಯುತ್ತಾರೆ. ಹುಳಿಯುವುದು ಅಲ್ಲಿಗೆ ನಿಲ್ಲುತ್ತದೆ. ಉಳಿದ ಸಿಹಿ ಸಿಹಿಯಾಗಿಯೇ ಉಳಿಯುತ್ತದೆ. ಇದೇ ಪೋರ್ಟ್. ಹಡಗಿಗೇರುತ್ತಿದ್ದುದು ಪೋರ್ತೋ ಪಟ್ಟಣದಿಂದಾದ್ದರಿಂದ ಈ ಹೆಸರು. ೧೭೦೩ರಲ್ಲಿ ಇಂಗ್ಲೆಂಡಿಗೂ ಪೋರ್ಚುಗಲ್ಲಿಗೂ ಒಪ್ಪಂದವಾಗಿ, ಅವರ ಉಣ್ಣೆಯ ಬಟ್ಟೆ ಇಲ್ಲಿಗೆ, ಇವರ ದ್ರಾಕ್ಷಾರಸ ಕಡಿಮೆ ಸುಂಕದಲ್ಲಿ ಅಲ್ಲಿಗೆ, ಎಂದಾದ ಮೇಲೆ ಇಂಗ್ಲಿಷರು ಇದರ ದೊಡ್ಡ ಗಿರಾಕಿಗಳಾದರು. ಮಗು ಹುಟ್ಟಿದ ವರ್ಷದ ಪೋರ್ಟನ್ನು ಕೊಂಡಿಟ್ಟು ಅದು ಪ್ರಾಯಕ್ಕೆ ಬಂದಾಗ ತೆರೆಯುವ ರೂಢಿ ಅವರಲ್ಲಿ ಬೆಳೆಯಿತು.

ಎಲ್ಲ ಪೋರ್ಟೂ ಇಷ್ಟು ದಿನ ಬಾಳುವುದಿಲ್ಲ. ಒಂದೇ ವರ್ಷದ ಫಸಲಿನಿಂದ, ಅದೂ ಆ ವರ್ಷ ಅತ್ಯುತ್ತಮವೆಂದು ತಯಾರಕರು ಸಾರಿದಾಗ ಮಾತ್ರ, ಈ ವಿಶೇಷದ ಪೋರ್ಟನ್ನು ಮಾಡುತ್ತಾರೆ. ಹತ್ತು ವರ್ಷಗಳಲ್ಲಿ ಅಂಥವು ಮೂರು ಬಂದರೆ ಹೆಚ್ಚು. ಎರಡು ಮೂರು ವರ್ಷ ಮರದ ಪೀಪಾಯಿಯಲ್ಲಿಟ್ಟು, ಆಮೇಲೆ ಸೀಸೆಗೆ ತುಂಬಿ, ಕತ್ತಲೆಯಲ್ಲಿ, ತಂಪಿನಲ್ಲಿ ಮಲಗಿಸುತ್ತಾರೆ. ಇಪ್ಪತ್ತು ವರ್ಷಕ್ಕೆ ಮೊದಲು ತೆರೆದರೆ ಅದು ಒಗರು. ಕಾಲ ಕಳೆದಂತೆ ಒಗರೂ ಬಣ್ಣವೂ ಒಂದಕ್ಕೊಂದು ಅಂಟಿಕೊಂಡು ಗಸಿಯಾಗಿ ತಳಕ್ಕಿಳಿಯುತ್ತವೆ, ಮೇಲುಳಿದದ್ದು ಮೃದುವಾಗುತ್ತದೆ.

ಪೋರ್ಚುಗೀಜರಿಗೂ ವಿಜಾಪುರಕ್ಕೂ ಹಳೆಯ ಲೆಕ್ಕವೊಂದುಂಟು. ೧೫೧೦ರಲ್ಲಿ ಅವರು ಗೋವೆಯನ್ನು ಕಸಿದುಕೊಂಡದ್ದು ಆದಿಲಶಾಹಿಗಳಿಂದಲೇ. ಮುಂದೆ ಸುಮಾರು ೧೬೦೪ರಲ್ಲಿ ಅಕ್ಬರನ ದೂತನಾಗಿ ವಿಜಾಪುರಕ್ಕೆ ಬಂದ ಅಸದ್ ಬೇಗನು ಆ ನಗರದ ಪೇಟೆಯಲ್ಲಿ ಮದ್ಯದ ಅಂಗಡಿಗಳ ವೈಭವವನ್ನು ಕಂಡು ಬರೆದಿಟ್ಟಿದ್ದಾನೆ. ಹಿಂದಿರುಗುವಾಗ ತಂಬಾಕನ್ನು ಅಕ್ಬರನಿಗೆ ಕಾಣಿಕೆಯಾಗಿ ಒಯ್ದಿದ್ದಾನೆ. ಈ ಕಥೆಯನ್ನು ಭಾವನವರಿಗೆ ಹೇಳಿದೆ. "ಅಂದ್ರ ನಮ್ಮ ಬೀಗರು ಮೊದಲ ಸಲ ಬಂದಾಗ ಗೋವೆ ತೊಗೊಂಡು ಹೋದರು, ಈ ಸಲ ಏನೋ ಕೊಡಲಿಕ್ಕೆ ಬಂದಾರ" ಎಂದು ಅವರು ಮೊದಲ ಬಾರಿಗೆ ನಕ್ಕರು.

ಮೂರನೆಯ ದಿನ ಬೆಳಿಗ್ಗೆ ಅವರೇ ಮಗನನ್ನು ಕೇಳಿದರು:

"ಅದನ್ನ ಒಮ್ಮೆ ತೆರೆದ ಮ್ಯಾಲೆ ಎಷ್ಟು ದಿನಾ ಇರತದ?"

"ಒಂದೆರಡು ದಿನ, ಅಪ್ಪಾ. ಆಮ್ಯಾಲೆ ಗಾಳಿ ಹೊಕ್ಕು ಕೆಡತದ."

"ಹಂಗಾದ್ರ ಅದು ಹಗೇವು ಇದ್ದಂಗ."

ಪಟ್ಟಣದ ಓದುಗರಿಗೆ ಹಗೇವು ತಿಳಿದಿರಲಾರದು. ಜೋಳವನ್ನು ನೆಲದೊಳಗೆ ಕೂಡಿಡುವ ಆಳವಾದ ಕುಳಿಯದು. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳು ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರಗಾಲ ಬಂದಾಗ ಅದನ್ನು ತೆಗೆಯುತ್ತಿದ್ದರು. ತೆರೆದೊಡನೆ ಒಳಗಿಳಿಯುವಂತಿಲ್ಲ, ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಕೆಲವು ತಾಸು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಮನುಷ್ಯರು ಇಳಿಯುತ್ತಿದ್ದರು. ಒಮ್ಮೆ ತೆರೆದ ಹಗೇವನ್ನು ಅರ್ಧಕ್ಕೆ ಮುಚ್ಚುವುದು ಕಷ್ಟ. ಗಾಳಿ ತಾಕಿದ ಕಾಳಿಗೆ ಹುಳ ಹತ್ತುತ್ತದೆ.

"ನಮ್ಮ ಮುತ್ಯಾ ಹೇಳ್ತಿದ್ದ," ಎಂದರು ಭಾವನವರು, "ಹಗೇವು ತೆಗೆದಾವ ಒಬ್ಬನ ಉಣಬಾರದು. ಓಣ್ಯಾಗ ಹಂಚಬೇಕು. ತೆಗೆಯೂ ಮುಂದ ಮನಿ ಹಿರಿಯಾ ಹತ್ರ ನಿಂತಿರಬೇಕು. ನಾ ಕುಡಿಯೂದಿಲ್ಲ. ಆದ್ರ ನಿಂದಿರತೀನಿ. ಸಂಜಿಗೆ ತೆಗೀರಿ."

*

ಹೊಲದ ಮನೆಯೆಂದರೆ ಒಂದು ಕೋಣೆ, ಒಂದು ಬೇವಿನ ಮರ, ಬತ್ತಿದ ಬಾವಿ. ಅದರ ಬದಿಗೆ ಭಾವನವರು ಈಚೆಗೆ ನೆಟ್ಟ ಲಿಂಬೆಯ ಸಸಿಗಳು ಮೊದಲ ಕಾಯಿ ಹೊತ್ತು ನಿಂತಿದ್ದವು. ಹೊತ್ತು ಇಳಿಯುತ್ತಿತ್ತು. ಬೇವಿನ ಕೆಳಗೆ ಜಮಖಾನೆ ಹಾಸಿದರು. ಭಾವನವರು ರುಮಾಲು ಸುತ್ತಿಕೊಂಡು, ಅಂಗಿಯ ಗುಂಡಿಗಳನ್ನೆಲ್ಲ ಹಾಕಿಕೊಂಡು, ಬೀಗರ ಎದುರಿಗೆ ಕೂಡುವ ಗಾಂಭೀರ್ಯದಿಂದಲೇ ಕೂತರು.

ನಾಲ್ವತ್ತೆರಡು ವರ್ಷ ಸೀಸೆಯಲ್ಲಿದ್ದ ಬಿರಡೆ ಅರ್ಧಕ್ಕೇ ಮುರಿಯಿತು. ಉಳಿದರ್ಧ ಪುಡಿಯಾಗಿ ಒಳಗೆ ಬಿತ್ತು. ಮಗನ ಮುಖ ಬಾಡಿತು. ಸೊಸೆಯೇನೂ ಗಾಬರಿಯಾಗಲಿಲ್ಲ, ತೆಳುವಾದ, ಸ್ವಚ್ಛವಾದ ಬಟ್ಟೆ ಬೇಕೆಂದಳು. ಅಕ್ಕ ಒಗೆದ ಧೋತರದ ತುಂಡೊಂದನ್ನು ಹರಿದು ಕೊಟ್ಟಳು. ಸೊಸೆ ಸೀಸೆಯನ್ನು ಅಲುಗಿಸದೆ ಮೆಲ್ಲಗೆ ಓರೆಮಾಡಿ ಗಾಜಿನ ಹೂಜಿಗೆ ಸೋಸಿದಳು. ತಳದ ಗಸಿ ಬಾಯಿಗೆ ಬರುವಷ್ಟರಲ್ಲಿ ಕೈ ನಿಲ್ಲಿಸಿದಳು. ಬಟ್ಟೆಯ ಮೇಲೆ ಕಾಫಿಯ ಚರಟದಂತಹ ಕಪ್ಪು ಕೆಸರು ಉಳಿಯಿತು.

ಕುಡಿಯಲು ನಮಗೆ ಚಹದ ಗಾಜಿನ ಲೋಟಗಳೇ. ನಾನು ಮದ್ಯದ ಪಂಡಿತನಲ್ಲ. ಹಿಂದೊಮ್ಮೆ ಗೋವೆಯ ಪ್ರವಾಸದಲ್ಲಿ ಅಲ್ಲಿನ ಅಂಗಡಿಗಳಲ್ಲಿ ಪೋರ್ಟ್ ಎಂಬ ಹೆಸರಿನಿಂದ ಮಾರುವ ಸಿಹಿ ದ್ರಾಕ್ಷಾರಸವನ್ನು ರುಚಿ ನೋಡಿ, ಔಷಧದ ಅಂಗಡಿಯ ಶರಬತ್ತೆಂದು ಬದಿಗಿಟ್ಟಿದ್ದೆ. ಇದು ಅದಲ್ಲ. ಬಣ್ಣ ಹೊಸ ದ್ರಾಕ್ಷಾರಸದ ಕಡುಗೆಂಪಲ್ಲ. ಅಂಚಿನಲ್ಲಿ ಹಳೆಯ ಇಟ್ಟಿಗೆಯ ಬಣ್ಣ. ಮೂಗಿನ ಹತ್ತಿರ ತಂದಾಗ ಮೊದಲು ಬಂದದ್ದು ನನಗೆ ಚಿರಪರಿಚಿತವಾದ ವಾಸನೆ: ಫೆಬ್ರುವರಿಯಲ್ಲಿ ಮಣೂಕದ ಶೆಡ್ಡಿನ ಮಗ್ಗುಲಲ್ಲಿ ನಡೆದು ಹೋಗುವಾಗ ಬರುವ ವಾಸನೆ. ಅದರ ಹಿಂದೆ ಲವಂಗ, ಒಣ ಅಂಜೂರ, ಹಳೆಯ ಮರದ ಪೆಟ್ಟಿಗೆ. ನಾಲಗೆಗೆ ಮೊದಲು ಸಿಹಿ. ಆಮೇಲೆ ಅಕ್ರೋಡದ ಸಿಪ್ಪೆಯಂತಹ ತೆಳುವಾದ ಒಗರು. ಗಂಟಲಿನಲ್ಲಿ ಮೆಲ್ಲನೆ ಏರುವ ಬಿಸುಪು. ನೂರಕ್ಕೆ ಇಪ್ಪತ್ತು ಪಾಲು ಮದ್ಯವಿದ್ದರೂ ಅದು ಸುಡಲಿಲ್ಲ. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಉಳಿಯಿತು.

ಸೊಸೆ ಒಂದೇ ಗುಟುಕು ತೆಗೆದುಕೊಂಡಳು. ಅವಳ ಕಣ್ಣಲ್ಲಿ ನೀರು ನಿಂತದ್ದನ್ನು ಅಕ್ಕ ಕಂಡಳು. ಎದ್ದು ಹೋಗಿ ಅವಳ ಪಕ್ಕದಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬಾರದು.

ಭಾವನವರು ಒಂದು ಲೋಟವನ್ನು ತಮ್ಮ ಮುಂದೆ ಇಡಿಸಿಕೊಂಡರು. ಎರಡೂ ಕೈಯಲ್ಲಿ ಎತ್ತಿ ಹಣೆಯ ಮಟ್ಟಕ್ಕೆ ಹಿಡಿದು, ವಾಸನೆ ನೋಡಿ, "ಹಳೇ ಬೆಲ್ಲದ ವಾಸನಿ ಬರತದ" ಎಂದರು. ಆಮೇಲೆ ಅದನ್ನು ಎಳೆಯ ಲಿಂಬೆಗಿಡದ ಬುಡಕ್ಕೆ ನಿಧಾನವಾಗಿ ಸುರಿದರು. "ಇದು ಬೀಗರ ಪಾಲು." ಅದನ್ನು ವ್ಯರ್ಥವೆನ್ನುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

*

ಮನೆಗೆ ಮರಳಿದಾಗ ದೀಪ ಹೊತ್ತಿದ್ದವು. ಅಕ್ಕ ಯಾರಿಗೂ ಹೇಳದೆ ಒಳಗಿನ ಕತ್ತಲೆ ಖೋಲಿಗೆ ಹೋದಳು. ಎರಡು ಮೊಳ ದಪ್ಪದ ಮಣ್ಣಿನ ಗೋಡೆಯ ಆ ಖೋಲಿ ಮೇ ತಿಂಗಳಲ್ಲಿಯೂ ತಂಪು. ಅಲ್ಲಿಂದ ಎದೆಗವುಚಿಕೊಂಡು ತಂದದ್ದು ಒಂದು ಚೀನಿ ಭರಣಿ. ಬಾಯಿಗೆ ಕಟ್ಟಿದ ಬಟ್ಟೆ ಕಂದಿ ಹಳದಿಯಾಗಿತ್ತು. ಹೊಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಇಸವಿ: ೧೯೭೭.

ಅಕ್ಕನ ಅತ್ತೆಯವರು ಮೊಮ್ಮಗ ಹುಟ್ಟಿದ ವರ್ಷ, ತೋಟದ ಲಿಂಬೆಯಿಂದ ಮೂರು ಭರಣಿ ಉಪ್ಪಿನ ಲಿಂಬೆ ಹಾಕಿದ್ದರು. ಎರಡು ಭರಣಿಗಳು ಮನೆಮಂದಿಯ ಜ್ವರಕ್ಕೆ, ಕೆಟ್ಟ ಬಾಯಿಗೆ, ಬಸುರಿಯರ ಬಯಕೆಗೆ ಖರ್ಚಾದವು. ಮೂರನೆಯದನ್ನು "ಇದು ಹುಡುಗನ ಲಗ್ನಕ್ಕ" ಎಂದು ತೆಗೆದಿಟ್ಟರು. ೧೯೯೮ರಲ್ಲಿ ಅವರು ತೀರಿಕೊಂಡರು. ತೋಟ ಒಣಗಿತು. ಲಗ್ನ ಲಂಡನ್ನಿನಲ್ಲಿ ಆಯಿತು. ಭರಣಿ ಖೋಲಿಯಲ್ಲಿಯೇ ಉಳಿಯಿತು. ಅಕ್ಕ ವರ್ಷಕ್ಕೊಮ್ಮೆ ಅದರ ಧೂಳೊರೆಸಿ ಮತ್ತೆ ಅಲ್ಲಿಯೇ ಇಡುತ್ತಿದ್ದಳಂತೆ. ಹದಿನಾಲ್ಕು ವರ್ಷ ಅವಳಾ ಮಾತನ್ನು ಮಗನ ಮುಂದೆ ಎತ್ತಿರಲಿಲ್ಲ.

"ಅಲ್ಲಿಯ ಬೀಗರು ನನ್ನ ಗಂಡ ಇಲ್ಲಂತ ತೆಗೀಲಿಲ್ಲ. ನಾ ಸೊಸಿ ಬರಲಿ ಅಂತ ತೆಗೀಲಿಲ್ಲ. ಇಬ್ಬರದೂ ಒಂದ ಬುದ್ಧಿ" ಎಂದಳು ಅಕ್ಕ.

ಹಣ್ಣು ಲಿಂಬೆಯನ್ನು ತೊಳೆದು, ತೇವ ಕಿಂಚಿತ್ತೂ ಉಳಿಯದಂತೆ ಒರೆಸಿ, ನಾಲ್ಕು ಹೋಳು ಅಂಟಿಕೊಂಡಿರುವಂತೆ ಸೀಳಿ, ಉಪ್ಪು ತುಂಬಿ, ಬಿಸಿಲಿಗಿಟ್ಟು, ದಿನಾಲು ಕುಲುಕಿ ಹಾಕುವ ಉಪ್ಪಿನಕಾಯಿ ಇದು. ಎಣ್ಣೆಯಿಲ್ಲ, ಖಾರವಿಲ್ಲ. ಪೋರ್ಚುಗೀಜರು ಮೆಣಸಿನಕಾಯಿಯನ್ನು ಈ ನಾಡಿಗೆ ತರುವ ಮೊದಲೂ ನಮ್ಮ ಅಜ್ಜಿಯರು ಹೀಗೆಯೇ ಹಾಕುತ್ತಿದ್ದಿರಬೇಕು. ಲಿಂಬೆಯ ಹುಳಿಯೂ ಉಪ್ಪೂ ಸೇರಿದಲ್ಲಿ ಕೆಡಿಸುವ ಜೀವಿಗಳು ಬದುಕಲಾರವು. ಇನ್ನುಳಿದ ಕೆಲಸ ಕಾಲದ್ದು. ಹಣ್ಣಿನೊಳಗಿನ ಸಕ್ಕರೆ ಮತ್ತು ಇತರ ಸತ್ವಗಳು ವರ್ಷ ವರ್ಷಕ್ಕೂ ಮಾರ್ಪಟ್ಟು ಬಣ್ಣ ಹಳದಿಯಿಂದ ಕಂದಾಗಿ, ಕಂದಿನಿಂದ ಕಪ್ಪಾಗುತ್ತದೆ. ಸಿಪ್ಪೆಯ ಕಹಿ ಇಳಿಯುತ್ತದೆ. ರಸ ಜೇನಿನಂತೆ ಗಟ್ಟಿಯಾಗುತ್ತದೆ. ಸೀಸೆಯೊಳಗೆ ದ್ರಾಕ್ಷಿಯ ಒಗರು ಇಳಿಯುವುದೂ ಭರಣಿಯೊಳಗೆ ಲಿಂಬೆಯ ಕಹಿ ಇಳಿಯುವುದೂ ಬೇರೆ ಬೇರೆ ಕ್ರಿಯೆಗಳೇ ಇರಬಹುದು. ಇಬ್ಬರು ಮನೆಯವರೂ ಮಾಡಿದ್ದು ಮಾತ್ರ ಒಂದೇ ಕೆಲಸ: ಮುಟ್ಟದೆ ಕಾದದ್ದು.

ಅಕ್ಕ ಒಣಗಿದ ಕಟ್ಟಿಗೆಯ ಸೌಟಿನಿಂದ ಮೇಲಿನ ಉಪ್ಪಿನ ಹರಳನ್ನು ಒಡೆದಳು. ಒಳಗಿನದು ಇದ್ದಲಿಗಿಂತ ಕಪ್ಪು. ಬಿಸಿ ಅನ್ನದ ಮೇಲೆ ತುಪ್ಪ, ಅದರ ಬದಿಗೆ ಉಗುರಿನಷ್ಟು ಲಿಂಬೆ. ಬಾಯಿಗಿಟ್ಟರೆ ಅಗಿಯುವುದೇ ಬೇಡ, ಕರಗಿತು. ಉಪ್ಪು ಮೊದಲು, ಆಮೇಲೆ ಹುಳಿ, ಅದರ ಹಿಂದೆ ಎಲ್ಲಿಯದೋ ಒಂದು ಸಿಹಿ, ಖರ್ಜೂರದಂತಹುದು. ಒಣಗಿ ಉರುವಲಾದ ಆ ತೋಟದ ಗಿಡಗಳಿಂದ ಈ ಭೂಮಿಯ ಮೇಲೆ ಉಳಿದದ್ದು ಅದೊಂದೇ.

ಈ ಸೀಮೆಗೆ ಕಾಯುವ ವಿದ್ಯೆ ಹೊಸದಲ್ಲ. ಹಲಸಂಗಿ ಇಲ್ಲಿಂದ ದೂರವೇನಲ್ಲ. ಅಲ್ಲಿನ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕಲ್ಲಿನ ಮುಂದೆ ಹೆಂಗಸರು ತಲೆಮಾರುಗಳಿಂದ ಬಾಯಲ್ಲಿ ಕಾಯ್ದಿಟ್ಟಿದ್ದ ಹಾಡುಗಳನ್ನು ಬರೆದುಕೊಂಡು ೧೯೩೧ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸದಿದ್ದರೆ, ಅವು ಇಂದು ನಮಗೆ ದೊರೆಯುತ್ತಿದ್ದವೆ?

ಭಾವನವರು ತಟ್ಟೆಯನ್ನು ಬೆರಳಿನಿಂದ ಸವರಿ ನೆಕ್ಕಿದರು. "ಅವ್ವನ ಕೈ" ಎಂದರು. ಮಗ ತಲೆಯೆತ್ತಲಿಲ್ಲ. ಊಟ ಮುಗಿದ ಮೇಲೆ ಅವನು ತಾಯಿಯ ಹತ್ತಿರ ಹೋಗಿ ಮೆಲ್ಲಗೆ, "ಅವ್ವಾ, ಆವಾಗ ನಿನ್ನ ಕೇಳಬೇಕಾಗಿತ್ತು" ಎಂದದ್ದು ನನಗೂ ಕೇಳಿಸಿತು. ಅಕ್ಕ, "ಅದಕ್ಕ ಈಗ ಉಂಡೀಯಲ್ಲೋ" ಎಂದು ಅವನ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

*

ಮರುದಿನ ಹೊರಡುವ ಗಡಿಬಿಡಿಯಲ್ಲಿ ಅಕ್ಕ ಬೀಗರ ಖಾಲಿ ಸೀಸೆಯನ್ನು ತೊಳೆದು ಬಿಸಿಲಿಗೆ ಇಟ್ಟಿದ್ದಳು. ಹೊಸ ಗಿಡಗಳ ಮೊದಲ ಕಾಯಿಗಳಲ್ಲಿ ಹಣ್ಣಾದವನ್ನು ಮೊಮ್ಮಗಳು ಬುಟ್ಟಿಯಲ್ಲಿ ಆರಿಸಿ ತಂದಿದ್ದಳು. ಅಜ್ಜಿ ಸೀಳಿದಳು, ಮೊಮ್ಮಗಳು ಉಪ್ಪು ತುಂಬಿದಳು. ಭಾವನವರು ಇನ್ನೊಂದು ಭರಣಿಯ ಮೇಲೆ ತಮ್ಮ ಮಾಸ್ತರಿಕೆಯ ದುಂಡಕ್ಷರದಲ್ಲಿ ೨೦೨೪ ಎಂದು ಬರೆದರು.

ಸೀಸೆ ಒಣಗಿದ ಮೇಲೆ ಅಕ್ಕ ಹಳೆಯ ಭರಣಿಯಲ್ಲಿದ್ದ ಕಪ್ಪು ರಸವನ್ನು ಅದಕ್ಕೆ ನಿಧಾನವಾಗಿ ಬಗ್ಗಿಸಿದಳು. ಸೀಸೆಯ ಕೊರಳಿನೊಳಗೆ ಹೋಗುವಷ್ಟು ಸಣ್ಣದಾಗಿ ಹೆಚ್ಚಿದ ಹೋಳುಗಳನ್ನೂ ಇಳಿಸಿದಳು. ಬಾಯಿಗೆ ಬಿರಡೆ ಬಡಿದು, ಮೇಣ ಕರಗಿಸಿ ಮುಚ್ಚಿದಳು. ಮಗ ಏನಿದೆಂದು ಕೇಳಿದ.

"ಬೀಗರ ಮನಿ ಪಾತ್ರಿ ಬರಿದ ಕಳಿಸಬಾರದು. ನಿಮ್ಮತ್ತಿಗೆ ಕೊಡು."

ಸೀಸೆಯನ್ನು ಮತ್ತೆ ಮೂರು ಅಂಗಿಗಳಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟರು. ಝಳಕಿಯ ಕೂಡುರಸ್ತೆಯಲ್ಲಿ ಅವರ ಕಾರು ಸೊಲ್ಲಾಪುರದ ಕಡೆಗೆ ಹೊರಟಿತು. ನನ್ನ ಬಸ್ಸು ವಿಜಾಪುರದ ಕಡೆಗೆ.

ತಿಂಗಳ ಮೇಲೆ ಅಕ್ಕನ ಫೋನು ಬಂತು. ಸೀಸೆ ಪೋರ್ತೋ ಮುಟ್ಟಿದೆ. ಬೀಗತಿ ಅದನ್ನು ತೆರೆದು, ಬೆರಳ ತುದಿಯಲ್ಲಿ ಮುಟ್ಟಿ ನಾಲಗೆಗಿಟ್ಟು, ಬಹಳ ಹೊತ್ತು ಸುಮ್ಮನಿದ್ದು, ಮಗಳಿಗೆ ಕೇಳಿದ್ದು ಒಂದೇ ಪ್ರಶ್ನೆಯಂತೆ:

"ಇದು ಯಾವ ವರ್ಷದ್ದು?"